ಬೆಳಕಿಂಡಿಯ ತಗಡು

…ಅಲ್ಲ, ಅದು ಉತ್ತರ ಅಲ್ಲ. ತಲಿ ಅಲ್ಲಾಡಿಸಿದ್ರ ಉತ್ತರ ಆಗೂದಿಲ್ಲ, ಭವಾನಿ. ನೆಟ್ಟಗ ಕೂಡು. ಪ್ಲಾಸ್ಟರ್ ಹಾಕಿದ ಕೈ ದಿಂಬಿನ ಮ್ಯಾಲ ಇರಲಿ. ಹಾಂ, ಹಂಗ. ಈಗ ಅಜ್ಜ ಕೇಳಿದ್ದಕ್ಕ ಬಾಯಿ ಬಿಟ್ಟು ಹೇಳು. ಎಂಟು ವರ್ಷದಾಕಿ ನೀ, ಒಬ್ಬಾಕಿನಽ ಮಾಳಗಿ ಯಾಕ ಹತ್ತಿದಿ?

ದಿಂಬಿನ ದಾರ ಜಗ್ಗಬ್ಯಾಡ.

ಸರಿ. ಗ್ವಾಡಿ ಕಡೆ ನೋಡು. ನೀ ಅಂಬೆಗಾಲು ಇಡೂ ಹೊತ್ತಿಗೆ ಬರದು ಹಚ್ಚಿದ ಪಟ್ಟಿ ಅದು. ಇಡೀ ಆನೆಗೊಂದ್ಯಾಗ ಇಂಥಾ ಪಟ್ಟಿ ಇರೂ ಮನಿ ಇನ್ನೊಂದಿಲ್ಲ. ಮೂವತ್ತಾರು ವರ್ಷ ಮಾಸ್ತರಕಿ ಮಾಡಿದಾವ ನಾನು. ಮನಿಗೂ ಒಂದು ಶಿಸ್ತು ಬೇಕು. ಬಚ್ಚಲದಾಗ ಬಕೇಟು ತುಂಬಿ ಇಡಬಾರದು. ರೊಟ್ಟಿ ಹಂಚು ಇಳಿಸಿದ ಕೂಡಲೆ ಮೂಲಿಗೆ ಸರಸಬೇಕು. ತೊಟ್ಟಿಲ ಹಗ್ಗ ವಾರಕ್ಕೊಮ್ಮೆ ಜಗ್ಗಿ ನೋಡಬೇಕು. ಕೆಲಸ ಮುಗೀತಂದ್ರ ನಿಚ್ಚಣಿಕಿ ಅಡ್ಡ ಮಲಗಿಸಬೇಕು. ಐದನೇದು ನೀ ಓದು.

ಓದು ಅಂದೆ.

ಬರದಾವ ನಾನು, ನಾನಽ ಯಾಕ ಓದಲಿ? ಓದಬೇಕಾದಾಕಿ ನೀನು. … ನನ್ನ ಕಣ್ಣಿಗೆ ಹಾಕಿದ ಚಾಳೀಸ ಯಾಕ ನೋಡ್ತಿ? ಚಾಳೀಸಕ್ಕ ಏನೂ ಆಗಿಲ್ಲ.

ಇರಲಿ, ನನಗ ಬಾಯಿಪಾಠ ಐತಿ. ಬೆಳಕಿಂಡಿಯ ತಗಡಿನ ಮ್ಯಾಲ ಯಾರೂ ಕಾಲಿಡಬಾರದು. ನಮ್ಮದು ಮಣ್ಣಿನ ಮಾಳಗಿ. ಪಡಸಾಲ್ಯಾಗ ಬೆಳಕು ಬೀಳಲಿ ಅಂತ ನಡುವ ಕಿಂಡಿ ಬಿಟ್ಟಾರ, ಮಳಿ ಬಂದ್ರ ಅದರ ಮ್ಯಾಲ ತಗಡು ಮುಚ್ಚತಾರ. ಜಂಗು ತಿಂದ ತಗಡು ಮನಷ್ಯಾನ ಭಾರ ತಡೀತೈತೇನು? ನಿನ್ನಂಥ ಗುಬ್ಬಿಯ ಭಾರನೂ ತಡೀಲಿಲ್ಲ. ಕೆಳಗ ಭತ್ತದ ಚೀಲ ಇದ್ವು, ಕೈಯಷ್ಟಽ ಮುರೀತು. ಬರೇ ಬಂಡೆಗಲ್ಲಿನ ನೆಲ ಇದ್ದಿದ್ರ…

ನಗೂದೇನೈತಿ ಇದರಾಗ? ಗುಬ್ಬಿ ಅಂದದ್ದಕ್ಕಾ? ಆತು. ಒಮ್ಮೆ ನಕ್ಕು ಮುಗಿಸು. ಆಮ್ಯಾಲ ಹೇಳು.

ಯಾಕ ಇಷ್ಟು ಕೇಳಾಕ ಹತ್ತೀನಿ, ಗೊತ್ತೈತಿ? ನಿಮ್ಮಪ್ಪ ನಿನ್ನೆ ಏನಂದ, ಕೇಳಿದಿಲ್ಲ? ತಪ್ಪೆಲ್ಲಾ ನಿಮ್ಮವ್ವಂದು. ಬಾಳಿ ನಾರಿನ ಬುಟ್ಟಿ ಹೆಣ್ಯಾಕ ಹೋಗ್ತಾಳ, ಮಗಳ ಮ್ಯಾಲ ನಿಗಾ ಇಲ್ಲ, ನಾಳಿಂದ ಮನ್ಯಾಗಽ ಇರಲಿ ಅಂದ. ಕವಿತಾ ಒಂದು ಮಾತು ಎದುರಾಡಲಿಲ್ಲ. ವರ್ಷಗಟ್ಟಲೆ ಕಲತು, ಈಗ ಹತ್ತು ಹೆಣಮಕ್ಕಳಿಗೆ ಕಲಸೂ ಹಂತಕ್ಕ ಬಂದಾಕಿ. ನಾಳೆ ಮುಂಜಾನೆ ಹೋಗಿ, ಇನ್ನ ಬರೂದಿಲ್ಲ ಅಂತ ಹೇಳಿ ಬರ್ತಾಳಂತ. ನಾನೂ ಪ್ರಭುರಾಜನ ಮಾತಿಗೆ ಹೂಂ ಅಂದೆ. ಹಿರ್ಯಾ ಆದಾವ ಮತ್ತೇನು ಅನಬೇಕು?

ಅದಕ್ಕಽ ನೀ ಒಂದು ಮಾತು ಹೇಳಿಬಿಡು. ಮಾಳಗಿ ಮ್ಯಾಲ ಒಣಗಾಕ ಹಾಕಿದ ಸಂಡಿಗಿ ತಿನ್ನೂ ಆಸಿಗೆ ಹತ್ತಿದ್ದೆ, ಅವ್ವ ಬ್ಯಾಡ ಅಂದಿದ್ಲು, ಕೇಳಲಿಲ್ಲ ಅನ್ನು. ಅಪ್ಪ ನಾಕು ಬೈತಾನ, ಬಿಡ್ತಾನ. ಅವ್ವನ ಕೆಲಸ ಉಳೀತೈತಿ. ಎಷ್ಟು ಸರಳ ಐತಿ ನೋಡು.

ಹಂಗ್ಯಾಕ ನೋಡ್ತಿ?

ಸುಳ್ಳು ಹೇಳಬಾರದು ಅಂತ ಕಲಿಸಿದಾವ ನಾನಽ. ಗೊತ್ತೈತಿ. ಅದನ್ನ ನೀ ಕಣ್ಣಿಲೆ ಹೇಳೂದು ಬ್ಯಾಡ.

ಇದೇನು ಹಟ, ಭವಾನಿ? ಗಂಗಾವತಿ ದವಾಖಾನ್ಯಾಗ ಡಾಕ್ಟರ್ ಕೇಳಿದ್ರು, ಸುಮ್ಮನಿದ್ದಿ. ಅಪ್ಪ ಕೇಳಿದ, ಸುಮ್ಮನಿದ್ದಿ. ಅವ್ವ ಅಳಕೋತ ಕೇಳಿದ್ಲು, ಆಗೂ ತುಟಿ ಬಿಚ್ಚಲಿಲ್ಲ. ಇಲ್ಲಿ ಈಗ ನಾವಿಬ್ಬರಽ ಅದೀವಿ. ನನ್ನ ಮುಂದೂ ಯಾಕ ಸುಮ್ಮನ ಕುಂತಿ…

…

ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನಾನಽ ಅಂದಿದ್ದೆ. ಹೌದು. ಚೀಲದ ಮ್ಯಾಲಿಂದ ನಿನ್ನ ಎತ್ತೂವಾಗ. ಕೈ ಮುರದೈತೇನು ಅಂತ ಕೇಳೂಕಿಂತ ಮೊದಲು ಅದನ್ನಽ ಅಂದೆ. ಅಷ್ಟು ಅಳೂದರಾಗೂ ನೀ ಹೂಂ ಅಂದಿದ್ದಿ.

ಅವತ್ತು ಕೈಯಾಗಿನ ಅರ್ಜಿಯ ಅಕ್ಷರ ಕಾಣಲಿಲ್ಲ ನನಗ. ಪಡಸಾಲ್ಯಾಗ ಕತ್ತಲಿತ್ತು ಅಂತಲ್ಲ, ಬಿಸಲಾಗೂ ಈಗೀಗ ಕಾಣವಲ್ವು. ಊರ ಮಂದಿ ಈಗೂ ಅರ್ಜಿ ಓದಿಸಾಕ ನನ್ನ ಕಟ್ಟಿಗೆ ಬರ್ತಾರ. ಮಾಸ್ತರ ಕಣ್ಣು ಹೋದ್ವು ಅಂತ ಯಾವ ಬಾಯಿಲೆ ಹೇಳಲಿ? ಬೆಳಕು ಬೀಳಲಿ, ತಗಡು ಒಂದೀಟು ಸರಸಿ ಬಾ ಅಂದಾವ ನಾನು. ನಿಚ್ಚಣಿಕಿ ಹಚ್ಚಿ ಕೊಟ್ಟಾವ ನಾನು.

ನೀ ಏಳಬ್ಯಾಡ. ಕೈ ಸಂಭಾಳಿಸು.

ಪ್ರಭುರಾಜ… ಏ ಪ್ರಭುರಾಜ, ಒಳಗ ಬಾ. ಕವಿತಾನ್ನೂ ಕರಿ. ಕೂಡೂದು ಬ್ಯಾಡ, ನಿಂತಽ ಕೇಳ್ರಿ. ಕವಿತಾ ನಾಳೆ ಕೆಲಸಕ್ಕ ಹೋಗ್ತಾಳ. ಯಾಕ ಅಂತ ಕೇಳಪಾ. ಕೂಸಿನ್ನ ಅಲ್ಲ, ನನ್ನ ಕೇಳು.