ರೊಟ್ಟಿಯ ಜೊತೆಗೊಂದು ಹೋಳಿಗೆ

ತಮ್ಮನನ್ನು ಮಣ್ಣು ಮಾಡಿ ಊರಿಗೆ ಹೊರಟಿದ್ದ ವತ್ಸಲಾಬಾಯಿಯವರಿಗೆ ಆಳಂದದ ಬಸ್ ನಿಲ್ದಾಣದಲ್ಲಿ ಪಕ್ಕದವರ ಮಾತು ಕೇಳಿಸಿತು. ರೊಟ್ಟಿ ಅಂಗಡಿಯ ನಿಂಬೆವ್ವ ತನ್ನ ಹಳೆಯ ಗಿರಾಕಿ ಸೀಮಾಳನ್ನು ನಿಲ್ಲಿಸಿಕೊಂಡಿದ್ದಳು.

“ರೊಟ್ಟಿ ಕಟ್ಟಿನ ಜೋಡಿ ಹೋಳಿಗಿ ಪುಕ್ಕಟ ಕೊಡಾಕತ್ತೇನಿ. ಆದ್ರೂ ಮಂದಿ ಯಾಕ ಬರೋದು ಬಿಟ್ರವ್ವ? ಅಂಗಡಿ ಮುಚ್ಚೂ ಹಂಗ ಆಗ್ಯಾದ.”

“ಹೋಳಿಗಿ ಇಟ್ಟಿದ್ದಕ್ಕ ಬಿಟ್ಟಾರ, ಅಕ್ಕಾ. ಸಾವಾದ ಮನಿಗಿ ಸಿಹಿ ಯಾರು ಒಯ್ತಾರ್ರಿ?”

“ಯಾರ ಮನ್ಯಾಗ ಸಾವು?”

“ಯಾರ ಮನ್ಯಾಗ ಆದ್ರೂ ಅಷ್ಟೇರಿ. ಅಲ್ಲಿ ಒಲಿ ಹಚ್ಚಂಗಿಲ್ಲ. ಬೀಗರು, ನೆರೆಯವರು ಬುತ್ತಿ ಒಯ್ಯೋದು ನಿಮ್ಮ ರೊಟ್ಟೀನೇ. ನಿಮಗ ಗೊತ್ತಿಲ್ಲೇನ್ರಿ?”

ನಿಂಬೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಶಿವನೇ. ಒಬ್ಬೊಬ್ಬರಿಗೂ ನಕ್ಕೋತ ‘ಮತ್ತ ಬರ್ರಿ’ ಅಂತಿದ್ದೆನಲ್ಲ, ಯವ್ವಾ.”

ಕಲಬುರಗಿ ಬಸ್ಸು ಬಂದಿತ್ತು. ಸೀಮಾ ತಲೆ ತಗ್ಗಿಸಿ ಹತ್ತಿದಳು.