ಮೂರು ದೇಶದ ನದಿ

ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ತಂಗಿಯ ಕೆನ್ನೆ ಊದಿತ್ತು, ಆದರೂ ಮಾತು ನಿಂತಿರಲಿಲ್ಲ.

“ನಿನ್ನ ಮಗಳು ನಗರಸಭೇಲಿ ಮಾತಾಡಿದಳಂತೆ?”

“ಹೂಂ ಅಕ್ಕ. ನಮ್ಮ ನದಿ ಹರಿಯೋ ಮೂರೂ ದೇಶದ ಹುಡುಗ್ರು ಸೇರ್ಕೊಂಡು, ಒಂದೇ ದಿನ ಅಲ್ಲಲ್ಲಿ ನೀರು ತುಂಬ್ಕೊಂಡು ಪರೀಕ್ಷೆ ಮಾಡಿದ್ರು.”

“ಭಾಷೆ ಬೇರೆಬೇರೆ ಅಲ್ವೇನೇ?”

“ಮೊದಮೊದಲು ಬರೀ ಕೈಸನ್ನೆ. ಈಗ ಇವಳು ಫೋನಲ್ಲಿ ಅವರ ಭಾಷೇಲೇ ಜಗಳ ಆಡ್ತಾಳೆ!”

“ನೀರು ಎಲ್ಲಿ ಕೆಟ್ಟಿತ್ತಂತೆ?”

“ನಮ್ಮ ಬಣ್ಣದ ಕಾರ್ಖಾನೆ ಹತ್ರ.”

ಅಕ್ಕ ದನಿ ತಗ್ಗಿಸಿದರು. “ನಿನ್ನ ಯಜಮಾನ್ರು ಕೆಲಸ ಮಾಡೋದು ಅಲ್ಲೇ ಅಲ್ವಾ?”

“ಅಲ್ಲೇ. ಮುಚ್ಚಿ ಅನ್ನಲಿಲ್ಲ ಅವಳು. ‘ನೀರು ಶುದ್ಧ ಮಾಡಿ ಬಿಡಿ, ಪ್ರತಿ ತಿಂಗಳ ಪರೀಕ್ಷೆ ಫಲಿತಾಂಶ ಜನಕ್ಕೆ ತೋರಿಸಿ’ ಅಂದ್ಲು. ಸದಸ್ಯರು ವೋಟು ಹಾಕಿ ಒಪ್ಪಿದ್ರು.”

“ಅದಕ್ಕೆ ನಿನ್ನ ಯಜಮಾನ್ರು ಏನಂದ್ರು?”

“ಎರಡು ದಿನ ಮಗಳ ಜೊತೆ ಮಾತಿಲ್ಲ. ಮೂರನೇ ದಿನ ತಾವೇ ಅವಳನ್ನ ನದಿಗೆ ಕರ್ಕೊಂಡು ಹೋದ್ರು. ‘ನೀರು ತುಂಬ್ಕೋಬೇಕಾದ್ದು ಇಲ್ಲಿ ಅಲ್ಲ ಮಗಳೇ, ನಾವು ಕದ್ದು ಕೊಳೆ ನೀರು ಬಿಡೋ ಪೈಪು ಆ ಕಡೆ ಇದೆ’ ಅಂತ ತೋರಿಸಿದ್ರು.”

ನರ್ಸ್ ಕರೆದರು. ಅಕ್ಕ ತಂಗಿಯ ತೋಳು ಹಿಡಿದು ಎಬ್ಬಿಸಿದರು.

“ಅವಳನ್ನ ಅಪ್ಪನ ಮಗಳು ಅಂತಿದ್ವಿ. ಅವರೂ ಮಗಳಿಗೆ ತಕ್ಕ ಅಪ್ಪ ಬಿಡು,” ಎನ್ನುತ್ತಾ ಒಳಗೆ ಕರೆದೊಯ್ದರು.