ಶ್ಯಾವಂತಿಯ ಮೊದಲ ಕುಡಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ನೀಲವ್ವ, ದೇವರಿಗೆ ಹೂ ಕಟ್ಟುತ್ತ ಕೂತು. ಶಿವನನ್ನು ನೆನೆದು, ಅವರು ಹೇಳಿದಂತೆಯೇ ಹೇಳುತ್ತೇನೆ. ಕೇಳ್ರಪ್ಪಾ, ಕೇಳ್ರವ್ವಾ.

ಒಂದು ಹೊಳೆ ಇತ್ತು. ಹೊಳೆಗೊಂದು ದಂಡೆ ಇತ್ತು. ದಂಡೆಯ ಮೇಲೊಂದು ಊರಿತ್ತು. ಊರ ಹೆಸರು ಆ ಹೊಳೆಗೇ ಗೊತ್ತು. ಅಲ್ಲಿ ಹೂಗಾರರ ಗುರವ್ವ ಎಂಬ ಮುದುಕಿ. ಅವಳ ಹಿತ್ತಲ ಶ್ಯಾವಂತಿ ಮಂಜು ಬಿದ್ದರೂ ಬಾಡದು, ಚಳಿ ಕಡಿದರೂ ಕಂದದು.

ಸೊಸೆ ಚಂಪವ್ವ ನೀರಿಲ್ಲದ ಸೀಮೆಯವಳು. ತವರಲ್ಲಿ ಬಿಲ್ವಪತ್ರಿ ಮಾರಿದ್ದಳೇ ಹೊರತು ಹೂವಿನ ಗಿಡ ನೆಟ್ಟವಳಲ್ಲ. ಏಳು ವರ್ಷ ಹರಕೆ ಹೊತ್ತ ಮೇಲೆ ಈಗ ಏಳು ತಿಂಗಳ ಬಸುರಿ.

ಶ್ರಾವಣ ಬಂತು. ಪ್ರತಿ ವರ್ಷ ಪಂಚಮಿಗೆ ತವರಿಗೆ ಹೋಗಿ ಶ್ರಾವಣವನ್ನು ಅಲ್ಲೇ ಕಳೆಯುತ್ತಿದ್ದ ಸೊಸೆ ಈ ಸಲ ಬಸುರಿಯೆಂದು ಇಲ್ಲೇ ಉಳಿದಳು. ಮುದುಕಿ ದೇವಿಯ ಮುಂದೆ ಕೈಮುಗಿದು, "ತಾಯಿ, ಮೊದಲ ಕುಡಿ ನಿನಗ. ನನ್ನ ಕೈಯಾರೆ ಚಿವುಟಿ ಕೊಡತೀನಿ" ಎಂದಳು.

ಬಾಗಿಲಲ್ಲಿದ್ದ ಸೊಸೆಯ ಕೈ ಹೊಟ್ಟೆಯ ಮೇಲೆ ಹೋಯಿತು. ಮನೆತನದ ಕುಡಿ ಎಂದರೆ ಯಾವುದು? ನೀವೇ ಹೇಳಿ.

ಮೊದಲ ದಿನ ಕೇಳಿದಳು: "ಅತ್ತಿ, ಕೊಡಲೇಬೇಕೇನ್ರಿ?"

"ಕೊಡಲೇಬೇಕವ್ವಾ. ನಮ್ಮತ್ತಿನೂ ಕೊಟ್ಟಾಳ, ನಾನೂ ಕೊಟ್ಟೀನಿ."

ಅನ್ನ ಸೇರಲಿಲ್ಲ. ಎರಡನೆಯ ದಿನ ಕೇಳಿದಳು: "ನೋವಾಗೂದಿಲ್ಲೇನ್ರಿ?"

"ಯಾರಿಗೆ? ಕಸಕ್ಕನ ಚಿವುಟಿದರ ಗೊತ್ತಾಗೂದೇ ಇಲ್ಲ."

ನೀರೂ ಇಳಿಯಲಿಲ್ಲ. ಮೂರನೆಯ ದಿನ ಕೇಳಿದಳು: "ಇನ್ನೂ ಎಳೇದು ಐತಲ್ರೀ?"

"ಎಳೇದಿದ್ದಾಗನ ಚಿವುಟಬೇಕು, ಹುಚ್ಚಿ! ನಾಳೆ ಸೋಮವಾರ, ಮುಂಜಾನೆ ಮುಗಿಸಿಬಿಡೂಣು."

ಹಗ್ಗ ಕಂಡು ಹಾವೆಂದವರಿಗೆ ಮನೆಯೆಲ್ಲ ಹುತ್ತ. ಮುಂಜಾನೆ ಗಂಟು ಕಟ್ಟಿ ಹೊಸ್ತಿಲು ದಾಟಿದಳು. ಅಂಗಳದಲ್ಲಿ ಯಾರು? ಅತ್ತೆ! ಸ್ನಾನ ಮಾಡಿ, ಕೈಯಲ್ಲಿ ಬಾಳೆಲೆ ಹಿಡಿದು ನಿಂತಿದ್ದಾಳೆ.

"ಗಂಟು ಯಾಕವ್ವಾ?"

"ಕಾಲಿಗೆ ಬೀಳತೀನ್ರಿ ಅತ್ತಿ, ನನ್ನ ಕುಡಿ ಚಿವುಟಬ್ಯಾಡ್ರಿ!" ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು.

ಮುದುಕಿ ನೋಡಿದಳು. ಗಂಟು ನೋಡಿದಳು, ಕೈ ನೋಡಿದಳು, ಕಣ್ಣು ನೋಡಿದಳು. ಆಗ ತಿಳಿಯಿತು. ನಗು ಬರಬೇಕಿತ್ತು, ಅಳು ಬಂತು.

"ಅಯ್ಯೋ ನನ್ನ ನಾಲಿಗಿಗೆ ಬೆಂಕಿ ಬೀಳಲಿ! ಮೂರು ದಿನ ಇದನ್ನ ಹೊತ್ತು ತಿರುಗಿದೇನ ನನ್ನವ್ವಾ?"

ಕೈಹಿಡಿದು ಹಿತ್ತಲಿಗೆ ಕರೆದೊಯ್ದಳು. ಗೇಣುದ್ದದ ಶ್ಯಾವಂತಿ ಗಿಡ. ಅದರ ತುದಿಯನ್ನು ಕಸಕ್ಕನೆ ಚಿವುಟಿ ಬಾಳೆಲೆಯ ಮೇಲಿಟ್ಟಳು. "ಇದು ಹ್ವಾದರ ನಾಕು ಟಿಸಿಲು ಒಡೀತಾವು. ಚಿವುಟದಿದ್ದರ ಒಂದೇ ಕಡ್ಡಿ, ಒಂದೇ ಹೂವು. ಇಷ್ಟ ನೋಡು ನಾ ತಾಯಿಗೆ ಹೇಳಿದ್ದು."

ಕಾರ್ತಿಕದಲ್ಲಿ ಹಿತ್ತಲು ಹಳದಿಯಾಯಿತು. ತೊಟ್ಟಿಲೂ ತೂಗಿತು. ಹೂಗಾರರ ಹೆಂಗಸರು ತೊಟ್ಟಿಲ ಸುತ್ತ ಸೇರಿದಾಗ ಗುರವ್ವ, "ಇವತ್ತಿನಿಂದ ಗಿಡದ ತುದೀಗೆ ಚಿಗುರು ಅನ್ರಿ. ಕುಡಿ ಅಂದರ ಇದೊಂದೇ" ಎಂದು ಕೂಸಿನ ಗಲ್ಲ ಮುಟ್ಟಿದಳು. ಆ ಊರಲ್ಲಿ ಇಂದಿಗೂ ಶ್ಯಾವಂತಿಗೆ ಚಿಗುರೇ, ಕುಡಿಯಿಲ್ಲ.

ಹೂವು ದೇವಿಯ ಮುಡಿಗೆ, ಕತೆ ನಿಮ್ಮ ಮಡಿಲಿಗೆ. ಮಡಿಲಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ. ಕೇಳುವವರಲ್ಲಿ ಬಸುರಿ ಇದ್ದರೆ ಮಾತ್ರ, ಮೊದಲಿನಿಂದಲೇ ಚಿಗುರು ಎನ್ನಿ.